ಚೀಟಿಯಿಂದ ಕಾನೂನಿನವರೆಗೆ



ಕಾರ್ಮೆಲ್ ವ್ಯಾಲಿಯ ನಮ್ಮ ಕುಟುಂಬಗಳಿಗೆ ಸೋಷಿಯಲ್ ವರ್ಕರ್ ಎಂದರೆ, ಊರಿನಿಂದ ಬಂದ ತಂದೆತಾಯಿ ಆಸ್ಪತ್ರೆ ಸೇರಿದಾಗ ವಿಮೆಯ ಕಾಗದಪತ್ರ ಹಿಡಿದು ಬರುವ ವ್ಯಕ್ತಿ. ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶದಲ್ಲಿ ರೆಸಿಡೆನ್ಸಿಗೆ ಸೇರಿದಾಗ ನಾನೂ ಹಾಗೆಯೇ ತಿಳಿದಿದ್ದೆ. ಒಂದು ಮನೆಯ ಸಂಕಟವನ್ನು ಕಾನೂನಿನ ಬಾಗಿಲಿಗೆ ಒಯ್ಯುವುದೂ ಸಮಾಜಕಾರ್ಯವೇ ಎಂಬುದನ್ನು ನನಗೆ ಮನಗಾಣಿಸಿದ್ದು ಕಾಸರಗೋಡಿನ ಕನ್ನಡ ಹಳ್ಳಿಗಳ ವೃತ್ತಾಂತ.

ಎಣ್ಮಕಜೆ ಪಂಚಾಯತಿಯ ಪಡ್ರೆ, ವಾಣಿನಗರ, ಸ್ವರ್ಗ ಇವು ಆ ಊರುಗಳು. ಗುಡ್ಡದ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಕೆಳಗೆ ಮನೆಗಳು, ಕುಡಿಯುವ ನೀರಿನ ಸುರಂಗಗಳು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರುಗಳು ಅಂಗವೈಕಲ್ಯದಿಂದ ಹುಟ್ಟುತ್ತಿವೆಯೆಂದು ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲಿಯೇ ಬರೆದರು. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಅಪಸ್ಮಾರ, ಕ್ಯಾನ್ಸರ್, ಮಕ್ಕಳ ಕುಂಠಿತ ಬೆಳವಣಿಗೆ ಇವೆಲ್ಲ ಒಂದೇ ಊರಿನಲ್ಲಿ ಇಷ್ಟೊಂದು ಏಕೆಂದು ಕೇಳಿಕೊಂಡು ಲೆಕ್ಕ ಬರೆದಿಡತೊಡಗಿದರು.

ವೈದ್ಯನಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇಂಥ ಮಗುವಿನ ಅಪಸ್ಮಾರಕ್ಕೆ ಇಂಥ ವಿಷವೇ ಕಾರಣವೆಂದು ಸಾಧಿಸುವುದು ಬಹು ಕಷ್ಟ. ಅಧಿಕಾರದಲ್ಲಿದ್ದವರು ಆ ಕಷ್ಟದ ಮರೆಯಲ್ಲಿಯೇ ನಿಂತುಕೊಳ್ಳುತ್ತಾರೆ. ಒಬ್ಬ ರೋಗಿಯ ಚೀಟಿಯನ್ನು ಬದಿಗಿಡಬಹುದು. ಸಾಲಾಗಿ ಜೋಡಿಸಿದ ನೂರು ಚೀಟಿಗಳನ್ನು ಬದಿಗಿಡುವುದು ಅಷ್ಟು ಸುಲಭವಲ್ಲ. ಮುಂದೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವಿಚಾರಣೆಯ ಫಲವಾಗಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯ ಶಾಲಾಮಕ್ಕಳನ್ನು, ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ ಅಧ್ಯಯನ ಮಾಡಿತು.

ಅದಕ್ಕೂ ಮೊದಲೇ, 1998ರಲ್ಲಿ, ಅದೇ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮನವರು ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದ್ದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಸರ್ಕಾರಿ ನಿಗಮದ ವಿರುದ್ಧ ದಾವೆ! ಅದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು ಊರಿನ ಕಚೇರಿಗಳನ್ನು ಕಂಡ ತಮಗೆ ಹೇಳಬೇಕಾಗಿಲ್ಲ. 2000ದಲ್ಲಿ ವೈಮಾನಿಕ ಸಿಂಪಡಣೆ ನಿಂತಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ವರ್ಜ್ಯ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಇವರಿಗೆ ಸಮಾಜಕಾರ್ಯದ ಪದವಿ ಎಲ್ಲಿದೆಯೆಂದು ತಾವು ಕೇಳಬಹುದು. ಪದವಿ ಪಡೆದವರು ಮಾಡಬೇಕಾದ ಕೆಲಸವನ್ನೇ ಇವರು ಮಾಡಿದರು: ನೊಂದವರ ಮಾತನ್ನು ದಾಖಲೆಯಾಗಿಸಿದರು, ದಾಖಲೆಯನ್ನು ತೀರ್ಪು ಕೊಡಬಲ್ಲವರ ಮುಂದಿಟ್ಟರು.

ಕಾನೂನು ಬದಲಾದರೂ ಆ ಕೆಲಸ ಮುಗಿಯಲಿಲ್ಲ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆಜ್ಞೆ ಮಾಡಿದ ಸರ್ವೋಚ್ಚ ನ್ಯಾಯಾಲಯವೇ, 2022ರ ಮೇ ತಿಂಗಳಲ್ಲಿ, ಐದು ವರ್ಷ ಕಳೆದರೂ ಬಹುಮಂದಿಗೆ ಹಣ ಸಂದಿಲ್ಲವೆಂದು ಕೇರಳ ಸರ್ಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಸಂತ್ರಸ್ತರೆಂದು ಪಟ್ಟಿಗೆ ಸೇರಲು ಸರ್ಕಾರಿ ವೈದ್ಯಕೀಯ ಶಿಬಿರದಲ್ಲಿ ತಪಾಸಣೆಯಾಗಬೇಕಿತ್ತು. ಅದಕ್ಕಾಗಿ ಹಾಸಿಗೆ ಹಿಡಿದ ಮಗುವನ್ನು ತಾಯಿ ಎತ್ತಿಕೊಂಡು ಹೋಗಬೇಕಿತ್ತು.