ಆಮೆಗೆ ಮನೆ ನೋಡುವುದು

ಮಗಳನ್ನು ಕೊಡುವ ಮೊದಲು ವರನ ಮನೆಯನ್ನು ಕಣ್ಣಾರೆ ಕಂಡುಬರುವುದು ನಮ್ಮ ಹಿರಿಯರ ಪದ್ಧತಿ. ಬಾವಿಯಲ್ಲಿ ನೀರುಂಟೆ, ಹಟ್ಟಿಯಲ್ಲಿ ದನಗಳು ಹೇಗಿವೆ, ಅತ್ತೆಯ ಸ್ವಭಾವವೆಂತಹುದು ಎಂದು ವಿಚಾರಿಸಿದ ಮೇಲೆಯೇ ತಾಂಬೂಲದ ಮಾತು. ಒಂದು ಆಮೆಯನ್ನು ಒಪ್ಪಿಸುವುದಕ್ಕೂ ಇಂತಹದೇ ವಿಚಾರಣೆ ನಡೆಸುವ ನಾಡೊಂದುಂಟೆಂದರೆ ವಾಚಕರಿಗೆ ಸೋಜಿಗವಾದೀತು.

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ಸೊನೋರಾ ಎಂಬ ಮರುಭೂಮಿಯುಂಟು. ಅಲ್ಲಿಯ ಆಮೆ ನೀರಿನಲ್ಲಿ ವಾಸಿಸತಕ್ಕುದಲ್ಲ. ಬಿಲದಲ್ಲಿದ್ದು, ಹುಲ್ಲು, ಹೂವು, ಪಾಪಾಸುಕಳ್ಳಿಯ ಹಣ್ಣುಗಳನ್ನು ತಿಂದು ಬಾಳುವುದು. ಅದನ್ನು ಕಾಡಿನಿಂದ ಹಿಡಿದು ತರುವುದು ಅಪರಾಧ. ಆದರೂ ಸಾಕಿದವರು ಕೈಬಿಟ್ಟ ಆಮೆಗಳೂ, ಮನೆಗಳಲ್ಲಿ ಅಕ್ರಮವಾಗಿ ಹುಟ್ಟಿದ ಮರಿಗಳೂ ಅಲ್ಲಿಯ ಸರಕಾರದ ವನ್ಯಪ್ರಾಣಿ ಇಲಾಖೆಯ ಆಶ್ರಯಕ್ಕೆ ಬರುತ್ತಲೇ ಇರುವುವು. ಇವನ್ನು ಮರುಭೂಮಿಗೆ ಮರಳಿ ಬಿಡೋಣವೆಂದರೆ, ಮನೆಗಳಲ್ಲಿ ತಗುಲಿದ ಶ್ವಾಸರೋಗವು ಕಾಡಿನ ಆಮೆಗಳಿಗೂ ಹರಡುವ ಭಯ. ಆದುದರಿಂದ ಯೋಗ್ಯರಾದ ಗೃಹಸ್ಥರನ್ನು ಹುಡುಕಿ ಒಪ್ಪಿಸುವರು.

ಬೇಕೆಂದವರಿಗೆಲ್ಲ ಆಮೆ ದೊರೆಯದು. ಅಂಗಳಕ್ಕೆ ಭದ್ರವಾದ ಆವರಣವಿರಬೇಕು. ನಾಯಿಯೂ, ಬೇಲಿಯಿಲ್ಲದ ಈಜುಕೊಳವೂ ಅದರ ದಾರಿಗೆ ಸಿಕ್ಕಬಾರದು. ಬೇಸಗೆಯ ಉರಿಯಿಂದ ಪಾರಾಗುವುದಕ್ಕೂ ಚಳಿಗಾಲದ ದೀರ್ಘನಿದ್ರೆಗೂ ನೆರಳಿನ ಬಿಲವೊಂದನ್ನು ಮೊದಲೇ ಕಟ್ಟಿರಬೇಕು. ಇವಿಷ್ಟೂ ಸಿದ್ಧವಾಗಿವೆಯೆಂಬುದಕ್ಕೆ ಭಾವಚಿತ್ರಗಳನ್ನು ಅರ್ಜಿಯೊಡನೆ ಕಳುಹಿಸಬೇಕು. ಮರಿಮಾಡಿಸುವುದು ನಿಷಿದ್ಧ, ಇದ್ದವುಗಳಿಗೇ ಮನೆ ಸಾಲದಿರುವಾಗ ಹೊಸ ಸಂತಾನಕ್ಕೆ ಎಡೆಯೆಲ್ಲಿ? ಇದೆಲ್ಲಕ್ಕಿಂತಲೂ ಗಂಭೀರವಾದ ಮಾತೊಂದುಂಟು. ಈ ಪ್ರಾಣಿಯು ೮೦ ವರ್ಷಗಳನ್ನೂ ಮೀರಿ ಬದುಕಬಲ್ಲುದು. ನಲವತ್ತರ ಗೃಹಸ್ಥನು ಎಳೆಯ ಆಮೆಯನ್ನು ತಂದನಾದರೆ, ಅವನ ತರುವಾಯ ಅದಕ್ಕೆ ದಿಕ್ಕಾರು?

ಆಮೆಗೆ ಇಷ್ಟೊಂದು ವಿಚಾರಣೆಯೇ ಎಂದು ನಗುವವರಿಗೆ ನಮ್ಮದೇ ಒಂದು ತಪ್ಪನ್ನು ಹೇಳುವೆವು. ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ಕೋಲಾರದ ಸೀಮೆಯ ಒಂದು ಹಳ್ಳಿಯಲ್ಲಿದ್ದೆವು. ವಿದ್ಯಾರ್ಥಿಯೊಬ್ಬನು ಹೊಲದ ಬೇಲಿಯಲ್ಲಿ ಸಿಕ್ಕಿದ ನಕ್ಷತ್ರ ಆಮೆಯನ್ನು ತಂದು, "ಮೇಷ್ಟ್ರೇ, ಇದನ್ನು ಎಲ್ಲಿ ಬಿಡಲಿ?" ಎಂದು ಕೇಳಿದನು. ನಾವು ಕಚ್ಛಪ ಶಬ್ದದಲ್ಲಿಯೇ ಜಲಪ್ರದೇಶದ ಅರ್ಥವಿರುವುದನ್ನು ತರಗತಿಗೆಲ್ಲ ವಿವರಿಸಿ, ಶಾಲೆಯ ಬಾವಿಯಲ್ಲಿ ಬಿಡಿಸಿದೆವು. ನೆಲದ ಆಮೆಗೆ ಈಜು ಬಾರದು. ಮರುದಿನ ಅದರ ಶವ ತೇಲುತ್ತಿದ್ದಿತು. ಬಾಲಕನು ಬಾವಿಯೊಳಗೆ ಇಣಿಕಿ ನೋಡಿ, ಏನೊಂದನ್ನೂ ಕೇಳದೆ ತನ್ನ ಜಾಗಕ್ಕೆ ಹೋಗಿ ಕುಳಿತನು. ನಮಗೆ ಶಬ್ದಾರ್ಥವು ತಿಳಿದಿದ್ದಿತು, ಪ್ರಾಣಿಯು ತಿಳಿದಿರಲಿಲ್ಲ. ಪ್ರೀತಿಯ ಕೊರತೆಯಿಂದ ಅದು ಸಾಯಲಿಲ್ಲ. ವಿಚಾರಿಸದೆ ಮಾಡಿದ ಉಪಕಾರದಿಂದ ಸತ್ತಿತು.

ಅರಿಜೋನಾದ ಕ್ರಮವನ್ನು ಓದಿ ನಮ್ಮವರಾರೂ ಆಮೆಗಾಗಿ ಅಂಗಳವನ್ನು ಸಿದ್ಧಪಡಿಸತಕ್ಕುದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದೂ, ಮಾರುವುದೂ, ಮನೆಯಲ್ಲಿ ಸಾಕುವುದೂ ಅಪರಾಧ. ೨೦೧೯ರಲ್ಲಿ ದೇಶದೇಶಗಳ ನಡುವಿನ ಅದರ ವ್ಯಾಪಾರವೂ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಷಿದ್ಧವಾಯಿತು. ಆದರೂ ಆಮೆಯಿದ್ದ ಮನೆಗೆ ಐಶ್ವರ್ಯ ಬರುವುದೆಂದು ನಂಬಿ ಗುಟ್ಟಾಗಿ ಕೊಳ್ಳುವವರು ಇರುವರು. ಕುರುಚಲು ಕಾಡಿನಲ್ಲಿ ಹುಟ್ಟಿದ ಜೀವವನ್ನು ತೊಟ್ಟಿಯಲ್ಲಿ ಕೂಡಿಹಾಕಿದ ಮಾತ್ರಕ್ಕೆ ಲಕ್ಷ್ಮಿ ಒಲಿಯುವಳೆ?

ಮಕ್ಕಳು ಆಮೆಯನ್ನು ಎತ್ತಿ ತಂದರೆ ಗದರಿಸಬೇಡಿರಿ, ಬಾವಿಗೂ ಬಿಡಬೇಡಿರಿ. ನೆರಳಿನಲ್ಲಿರಿಸಿ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಮನೆ ನೋಡುವ ವಿಚಾರಣೆ ಅಲ್ಲಿಯದಾದರೂ, ಅದರ ನೀತಿ ನಮಗೂ ಸಲ್ಲುವುದು: ಜೀವವೊಂದನ್ನು ಕೈಗೆತ್ತಿಕೊಳ್ಳುವ ಮೊದಲು ಅದರ ಮನೆ ಯಾವುದೆಂದು ಕೇಳಬೇಕು. ನಕ್ಷತ್ರ ಆಮೆಯ ಮನೆ ನಮ್ಮ ಮನೆಯಲ್ಲ.