ಹಿಡಿದ ದುಡ್ಡು ಎಲ್ಲಿ ಹೋಯ್ತು?

ಭಟ್ಕಳದಿಂದ ಹೊರಟು ಹೊನ್ನಾವರದ ಶರಾವತಿ ಸೇತುವೆ ದಾಟಿ ಕುಮಟಾ ಸೇರುವ ಸರ್ಕಾರಿ ಬಸ್ಸಿನ ಚಾಲಕನ ಸಂಬಳದ ಚೀಟಿ ನೆನೆಸಿಕೊಳ್ಳಿ. ಪಿಎಫ್, ಎಲ್‌ಐಸಿ, ಸೊಸೈಟಿ ಸಾಲದ ಕಂತು, ಎಲ್ಲ ಕಟ್. ಹಾಗೆ ಹಿಡಿದ ದುಡ್ಡು ಯಾರದ್ದು? ಮಾಲೀಕನದ್ದಂತೂ ಅಲ್ಲ ಅಂತೀನಿ ನಾನು.

ಕಾನೂನೂ ಅದನ್ನೇ ಹೇಳುತ್ತೆ. ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನೌಕರನ ಪಾಲು ಹಿಡಿದು ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಸೊಸೈಟಿ ಸಾಲಕ್ಕೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 34ನೇ ಕಲಂ ಇದೆ: ಸದಸ್ಯ ಒಪ್ಪಿಗೆ ಬರೆದುಕೊಟ್ಟು, ಸಂಘ ಪತ್ರ ಕಳಿಸಿದರೆ ಮಾಲೀಕ ಸಂಬಳದಲ್ಲಿ ಹಿಡಿದು ಸಂಘಕ್ಕೆ ಕಟ್ಟಲೇಬೇಕು. ಕಟ್ಟದಿದ್ದರೆ? ಹೊಣೆ ಮಾಲೀಕನದ್ದು. ಆದರೆ ಸುಸ್ತಿ ನೋಟಿಸ್ ಬರೋದು ಮಾತ್ರ ನೌಕರನ ಮನೆಗೆ, ಆಮೇಲೆ ಜಾಮೀನು ನಿಂತ ಗೆಳೆಯನ ಮನೆಗೆ. ಕಂತು ಕಟ್ಟಿದವನೇ ಸುಸ್ತಿದಾರ!

ಇದು ಸಣ್ಣಪುಟ್ಟ ಕಂಪನಿಗಳ ಕಥೆ ಮಾತ್ರ ಅನ್ನಬೇಡಿ. 2025ರ ಜನವರಿಯಲ್ಲಿ ರಾಜ್ಯದ ನಾಲ್ಕು ಸಾರಿಗೆ ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ಸಂಪುಟ ಒಪ್ಪಿತು. ಯಾಕೆ? ಪಿಎಫ್ ಬಾಕಿ, ಡೀಸೆಲ್ ಬಾಕಿ ತೀರಿಸೋಕೆ. ಉತ್ತರ ಕನ್ನಡದಲ್ಲಿ ಬಸ್ ಓಡಿಸುವ ವಾಯವ್ಯ ಸಾರಿಗೆಯ ಪಾಲು 646 ಕೋಟಿ, ನಾಲ್ಕರಲ್ಲೇ ಹೆಚ್ಚು. ಡೀಸೆಲ್ ಕೊಡುವವನು ಬಾಕಿ ಬಂದಿಲ್ಲ ಅಂತ ಟ್ಯಾಂಕರ್ ನಿಲ್ಲಿಸಬಹುದು. ಚಾಲಕ ಏನು ನಿಲ್ಲಿಸ್ತಾನೆ? ಬೆಳಗ್ಗೆ ಡಿಪೋಗೆ ಬರಲೇಬೇಕಲ್ಲ.

ಸಂಬಳದ ಚೀಟಿ ಎಸೆಯಬೇಡಿ, ಕಡಿತಕ್ಕೆ ಸಾಕ್ಷಿ ಅದೇ. ಸೊಸೈಟಿಗೆ ಹೋಗಿ ಸಾಲದ ಖಾತೆ ವಿವರ ತೆಗೆಸಿ, ತಿಂಗಳು ತಿಂಗಳೂ ತಾಳೆ ನೋಡಿ. ಒಂದು ಕಂತು ಕಾಣದಿದ್ದರೂ ಅವತ್ತೇ ಬರವಣಿಗೆಯಲ್ಲಿ ಕೇಳಿ.