ಆಪ್ಷನ್ ಎಂಟ್ರಿ: ಪಟ್ಟಿ ಬರೆಯೋದು ಯಾರು?

ಸಿಇಟಿ ಸೀಟು ಹಂಚಿಕೆ ಬಗ್ಗೆ ಫೋನ್-ಇನ್ ಕಾರ್ಯಕ್ರಮ ನಡೆಸ್ತಿದ್ದ ದಿನ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ ಕರೆ ಬಂತು. "ಸರ, ನನ್ನ ಮಗಳಿಗೆ ಸೀಟ್ ಸಿಕ್ಕೈತ್ರಿ. ಆದ್ರ ನಮಗ ಬೇಕಾಗಿದ್ದು ಅದಲ್ಲರಿ" ಅಂದರು ತಂದೆ. ಮಗಳಿಗೆ ಬೇಕಾಗಿದ್ದದ್ದು ಊರಿಗೆ ಹತ್ತಿರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಸಿಕ್ಕಿದ್ದು ಬೆಂಗಳೂರಿನ ಖಾಸಗಿ ಕಾಲೇಜು. ರ‍್ಯಾಂಕ್ ಸಾಲಲಿಲ್ಲವೇನೋ ಅಂತ ನಾನೂ ಅಂದುಕೊಂಡೆ. ಆಮೇಲೆ ಆ ಸುತ್ತಿನ ಕಟ್‌ಆಫ್ ತೆಗೆದು ನೋಡಿದರೆ, ಅವಳಿಗಿಂತ ಹಿಂದಿನ ರ‍್ಯಾಂಕಿನವರಿಗೂ ಆ ಸರ್ಕಾರಿ ಸೀಟು ಸಿಕ್ಕಿದೆ!

ಹಾಗಾದ್ರೆ ಆಗಿದ್ದೇನು? ಆಪ್ಷನ್ ಎಂಟ್ರಿ ಮಾಡಿಸಿದ್ದು ಸೈಬರ್ ಅಂಗಡಿಯಲ್ಲಿ. ಪರದೆ ಮೇಲೆ ಕಾಲೇಜುಗಳು ಯಾವ ಕ್ರಮದಲ್ಲಿ ಕಂಡವೋ ಅದೇ ಕ್ರಮದಲ್ಲಿ ಅಂಗಡಿಯ ಹುಡುಗ 1, 2, 3 ಅಂತ ಒತ್ತುತ್ತಾ ಹೋಗಿದ್ದಾನೆ. ಅವಳಿಗೆ ಬೇಕಾದ ಸೀಟು 31ನೇ ಜಾಗದಲ್ಲಿ ಕೂತಿತ್ತು. ಬೆಂಗಳೂರಿನ ಕಾಲೇಜು 9ನೇ ಜಾಗದಲ್ಲಿ. ಕಂಪ್ಯೂಟರ್ 9ಕ್ಕೇ ನಿಂತಿತು.

ಇಲ್ಲಿ ಕಂಪ್ಯೂಟರ್ ತಪ್ಪು ಮಾಡಿಲ್ಲ ಅನ್ನೋದೇ ಸಂಕಟ. ಅದು ಕೆಲಸ ಮಾಡೋ ರೀತಿ ಬಹಳ ಸರಳ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಅದರಿಂದ ಎಂಜಿನಿಯರಿಂಗ್ ರ‍್ಯಾಂಕ್ ಬರುತ್ತೆ. ಸೀಟು ಹಂಚುವಾಗ ಮೊದಲ ರ‍್ಯಾಂಕಿನಿಂದ ಶುರು. ಒಬ್ಬೊಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನ ಮೇಲಿನಿಂದ ಕೆಳಕ್ಕೆ ನೋಡುತ್ತೆ. ಅವರಿಗೆ ಅರ್ಹತೆ ಇರುವ ಕೋಟಾದಲ್ಲಿ ಯಾವ ಸೀಟು ಮೊದಲು ಖಾಲಿ ಕಾಣುತ್ತೋ ಅದನ್ನ ಕೊಟ್ಟು ಮುಂದಿನ ರ‍್ಯಾಂಕಿಗೆ ಹೋಗಿಬಿಡುತ್ತೆ. ನಿಮ್ಮ ಮನೆ ಎಲ್ಲಿದೆ, ಫೀಸಿಗೆ ದುಡ್ಡಿದೆಯಾ, ಮಗುವಿಗೆ ಯಾವುದು ಇಷ್ಟ? ಊಹೂಂ, ಯಾವುದನ್ನೂ ಕೇಳಲ್ಲ. ಪಟ್ಟಿಯ ಕ್ರಮವೇ ನಿಮ್ಮ ಆಸೆ ಅಂತ ನಂಬುತ್ತೆ.

ನಾನು ವರದಿಗಾರನಾಗಿದ್ದ ಕಾಲದಲ್ಲಿ ಕೌನ್ಸೆಲಿಂಗ್‌ಗೆ ಮಕ್ಕಳು ಖುದ್ದಾಗಿ ಬೆಂಗಳೂರಿಗೆ ಬರಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಬಂದು, ಬುತ್ತಿ ಬಿಚ್ಚಿ ಕೂತ ಅಪ್ಪ-ಅಮ್ಮಂದಿರನ್ನ ಮಲ್ಲೇಶ್ವರದಲ್ಲಿ ನೋಡಿದ್ದೀನಿ. ಆ ಓಡಾಟ ತಪ್ಪಿದ್ದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ಆಗ ಒಂದು ಅನುಕೂಲ ಇತ್ತು. ನಿಮ್ಮ ಸರದಿ ಬಂದಾಗ ಯಾವ ಸೀಟು ಉಳಿದಿದೆ ಅಂತ ಕಣ್ಣೆದುರಿಗೇ ಕಾಣ್ತಿತ್ತು. ಇದ್ದದ್ದರಲ್ಲಿ ಆರಿಸಿದರೆ ಮುಗೀತು. ಈಗ ಏನು ಉಳಿಯುತ್ತೆ ಅಂತ ಗೊತ್ತಾಗೋ ಮೊದಲೇ ಎಲ್ಲಾ ಬರೆದಿಡಬೇಕು. ಕೆಲಸ ಹಗುರ ಆಗಿಲ್ಲರೀ, ಮಲ್ಲೇಶ್ವರದಿಂದ ನಿಮ್ಮ ಮನೆ ಪಡಸಾಲೆಗೆ ಬಂದಿದೆ ಅಷ್ಟೇ.

ಹಾಗಾಗಿ ಲಾಗಿನ್ ಆಗೋದಕ್ಕೂ ಮೊದಲು ಆಗಬೇಕಾದ ಕೆಲಸದ ಬಗ್ಗೆ ಮಾತಾಡೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದ್ರೆ ಕೆಇಎ ವೆಬ್‌ಸೈಟ್‌ನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಸಿಗುತ್ತೆ. ಅದನ್ನ ತೆಗೆದು ಹೆಚ್ಚಿನವರು ಜಿಎಂ ಅನ್ನೋ ಒಂದೇ ಕಾಲಂ ನೋಡಿ, "ಅಯ್ಯೋ, ನಮಗೆ ಬರಲ್ಲ ಬಿಡಪ್ಪ" ಅಂತ ಮುಚ್ಚಿಡ್ತಾರೆ. ಕಾಲಂಗಳ ಹೆಸರಿನ ಕೊನೆಯ ಅಕ್ಷರ ನೋಡಿ. ಜಿಎಂಆರ್, 2ಎಆರ್ ಅಂತ ಆರ್ ಇದ್ದರೆ ಗ್ರಾಮೀಣ ಕೋಟಾ. ಕೆ ಇದ್ದರೆ ಕನ್ನಡ ಮಾಧ್ಯಮದ್ದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಅವಕಾಶ ಅದು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371ಜೆ ಅಡಿಯ ಸೀಟುಗಳ ಲೆಕ್ಕ ಬೇರೆಯೇ ಇದೆ. ನಿಮಗೆ ಯಾವ ಯಾವ ಕಾಲಂ ಅನ್ವಯ ಆಗುತ್ತೋ ಅಷ್ಟನ್ನೂ ನೋಡಿ.

ಆಮೇಲೆ ಮೊಬೈಲ್‌ನಲ್ಲೇ ಒಂದು ಶೀಟ್ ಮಾಡಿ. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ. ಕಾಲೇಜು, ಕೋರ್ಸ್, ನಿಮ್ಮ ಕೋಟಾದಲ್ಲಿ ಹೋದ ವರ್ಷ ಕೊನೆಗೆ ಸೀಟು ಸಿಕ್ಕ ರ‍್ಯಾಂಕ್, ಫೀಸು, ಹಾಸ್ಟೆಲ್, ಊರಿಂದ ಎಷ್ಟು ದೂರ. ಸಾಲುಗಳನ್ನ ಮೇಲೆ ಕೆಳಗೆ ಎಳೆದು ನೋಡಬಹುದು ಅನ್ನೋದೇ ಇದರ ಲಾಭ. ಕಾಗದದಲ್ಲಿ ಬರೆದರೂ ನಡೆಯುತ್ತೆ, ಹೊಡೆದು ಬರೆದು ರಾಡಿ ಆಗುತ್ತೆ ಅಷ್ಟೇ. ಅಪ್ಪ, ಅಮ್ಮ, ಮಗು ಒಟ್ಟಿಗೆ ಕೂತು ಒಂದು ಸಂಜೆ ಜಗಳ ಆಡಿ. ಆ ಜಗಳ ಜುಲೈನಲ್ಲಿ ಆಗೋದಕ್ಕಿಂತ ಮೇ ತಿಂಗಳಲ್ಲೇ ಆದರೆ ಒಳ್ಳೆಯದು.

ಕ್ರಮ ಹಾಕುವಾಗ ಜನ ಒಂದು ಭ್ರಮೆಯಲ್ಲಿರ್ತಾರೆ. "ನಮ್ಮ ರ‍್ಯಾಂಕಿಗೆ ಆ ದೊಡ್ಡ ಕಾಲೇಜು ಸಿಗಲ್ಲ, ಮೇಲೆ ಬರೆದರೆ ಆಪ್ಷನ್ ವೇಸ್ಟ್." ವೇಸ್ಟ್ ಆಗಲ್ಲ. ಅದು ಖಾಲಿ ಇಲ್ಲದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಹೋಗುತ್ತೆ, ಎರಡನೆಯದು ಸಿಗೋ ಅವಕಾಶ ಕೂದಲೆಳೆಯಷ್ಟೂ ಕಡಿಮೆ ಆಗಲ್ಲ. ನಿಜವಾದ ಅಪಾಯ ಇನ್ನೊಂದು ಕಡೆ ಇದೆ: ಸಿಕ್ಕರೂ ಸೇರಲಾರದ ಸೀಟನ್ನ ಸುಮ್ಮನೆ ಬರೆಯೋದು. ಅದೇ ಕೈಗೆ ಬಂದು ಕೂತುಬಿಡುತ್ತೆ.

ಯಾವ ಬ್ರಾಂಚ್ ಅನ್ನೋ ಪ್ರಶ್ನೆಗೆ ಎದುರುಮನೆಯ ಸಾಫ್ಟ್‌ವೇರ್ ಅಣ್ಣನನ್ನೇ ಕೇಳಬೇಕಿಲ್ಲ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತವೆ. ಸಿವಿಲ್‌ದು ಎರಡು, ಎಲೆಕ್ಟ್ರಾನಿಕ್ಸ್‌ದು ಎರಡು ಪಾಠ ಹಾಕಿ ಮಗು ನೋಡಲಿ. ಎಲ್ಲಾ ಅರ್ಥ ಆಗಬೇಕಂತಿಲ್ಲ. ಯಾವುದರಲ್ಲಿ ಆಕಳಿಕೆ ಬಂತು ಅಂತ ಗೊತ್ತಾದರೂ ಸಾಕು.

ಈಗ ಆ ತಂದೆಯ ಕಥೆಗೆ ವಾಪಸ್ ಬರ್ತೀನಿ. ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಅಂತ ಒಂದು ಮಾಡ್ತಾರೆ, ಮಾಕ್ ಅಲಾಟ್‌ಮೆಂಟ್. ನಿಮ್ಮ ಪಟ್ಟಿ ಹೀಗೇ ಇದ್ದರೆ ಏನು ಸಿಗುತ್ತೆ ಅಂತ ತೋರಿಸಿ, ಬದಲಾಯಿಸೋಕೆ ಸಮಯ ಕೊಡ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮನುಷ್ಯತ್ವದ್ದು ಅನ್ನಿಸಿದ್ದು ಇದೊಂದೇ. ಅಣಕಿನಲ್ಲೂ ಆ ಹುಡುಗಿಗೆ ಬೆಂಗಳೂರಿನ ಸೀಟೇ ಬಂದಿತ್ತು. ನೋಡಿದ್ದರೆ 31ನ್ನ 1 ಮಾಡೋದು ಐದು ನಿಮಿಷದ ಕೆಲಸ. ಆದರೆ ಅರ್ಜಿಯಲ್ಲಿ ಕೊಟ್ಟಿದ್ದ ಮೊಬೈಲ್ ನಂಬರ್ ಅಂಗಡಿಯವನದ್ದು, ಪಾಸ್‌ವರ್ಡ್ ಕೂಡ ಅವನ ಹತ್ತಿರವೇ. ಮೆಸೇಜ್ ಬಂದಿದ್ದರೂ ಅವನಿಗೇ ಬಂದಿರುತ್ತೆ. ಇವರು ಹೊಲದಲ್ಲಿದ್ದರು.

ಎರಡನೇ ಸುತ್ತಿನಲ್ಲಿ ಸರಿ ಮಾಡಬಹುದಾ ಅಂತ ಅವರು ಕೇಳಿದರು. ಸೀಟು ಸಿಕ್ಕ ಮೇಲೆ ಛಾಯ್ಸ್ 1 ಅಂದ್ರೆ ಒಪ್ಪಿ ಸೇರ್ತೀನಿ ಅಂತ. 2 ಅಂದ್ರೆ ಇದು ಇರಲಿ, ಮೇಲಿನ ಆಪ್ಷನ್ ಸಿಕ್ಕರೆ ಅದನ್ನ ಕೊಡಿ ಅಂತ. 3 ಅಂದ್ರೆ ಇದು ಬೇಡ, ಮುಂದಿನ ಸುತ್ತಿಗೆ ಇರ್ತೀನಿ. 4 ಅಂದ್ರೆ ನಿಮ್ಮ ಸಹವಾಸವೇ ಬೇಡ. ನಿಯಮಗಳು ವರ್ಷ ವರ್ಷ ಸ್ವಲ್ಪ ಬದಲಾಗ್ತವೆ, ಆ ವರ್ಷದ ಸೂಚನೆ ಓದಲೇಬೇಕು. ಈ ಹುಡುಗಿಗೆ 2 ಒತ್ತಿ ಪ್ರಯೋಜನ ಇರಲಿಲ್ಲ. ಅವಳಿಗೆ ಬೇಕಾದದ್ದು ಮೇಲಿರಲಿಲ್ಲ, ಕೆಳಗಿತ್ತು. ಸಿಕ್ಕ ಸೀಟಿಗಿಂತ ಕೆಳಗಿನವು ಪಟ್ಟಿಯಿಂದ ಹೋಗಿಬಿಡ್ತವೆ. ನೇರಪ್ರಸಾರದಲ್ಲಿ ಇದನ್ನ ಹೇಳುವಾಗ ನನ್ನ ಗಂಟಲು ಒಣಗಿತ್ತು.

ಅಂಗಡಿ ಹುಡುಗನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನ ಮುಂದೆ ದಿನಕ್ಕೆ ಐವತ್ತು ಮಕ್ಕಳ ಸಾಲು, ಮಧ್ಯೆ ಕರೆಂಟ್ ಹೋಗುತ್ತೆ, ಸರ್ವರ್ ನಿಲ್ಲುತ್ತೆ. ನನ್ನ ಪ್ರಶ್ನೆ ಪಿಯು ಕಾಲೇಜುಗಳಿಗೆ. ಕಂಪ್ಯೂಟರ್ ಲ್ಯಾಬ್ ಇದೆ, ಅದಕ್ಕೆ ಬೀಗವೂ ಇದೆ. ಎರಡು ವರ್ಷ ಸಿಇಟಿಗೆ ತಯಾರಿ ಮಾಡಿಸ್ತೀರಿ. ಆ ರ‍್ಯಾಂಕನ್ನ ಬಳಸೋದು ಹೇಗೆ ಅಂತ ಒಂದು ಪೀರಿಯಡ್, ಒಂದೇ ಒಂದು ಪೀರಿಯಡ್, ಆ ಬೀಗ ತೆಗೆದು ಹೇಳಿಕೊಡೋಕೆ ಏನು ಕಷ್ಟ?

ಆ ಹುಡುಗಿ ಬೆಂಗಳೂರಿಗೇ ಬಂದು ಸೇರಿದಳು. ಫೀಸಿಗೆ ಸಾಲ ಆಯಿತು ಅಂತ ತಂದೆ ಆಮೇಲೊಮ್ಮೆ ಫೋನ್ ಮಾಡಿ ಹೇಳಿದರು. ಅವಳ ತಮ್ಮ ಈಗ ಪ್ರಥಮ ಪಿಯುಸಿ. "ಅವನ ಪಟ್ಟಿ ಅಕ್ಕನ ಬರಿತಾಳಂತ್ರಿ. ಫೋನ್ ನಂಬರ್ ಮಾತ್ರ ನಂದ ಕೊಡ್ತೀನಿ" ಅಂದರು.